ಗಜಾಯದ ನೆಲಮಾಳಿಗೆ

ಚೈತ್ರದಲ್ಲಿ, ಜಪಾನಿನವರು ಮದರಾಸಿನ ಮೇಲೆ ಬಾಂಬು ಹಾಕುತ್ತಾರೆಂದು ಸುದ್ದಿ ಹಬ್ಬಿದಾಗ, ಸುನಂದಮ್ಮತ್ತೆ ಮೂವರು ಮಕ್ಕಳನ್ನೂ ಒಂದು ಹಾರ್ಮೋನಿಯಮ್ಮನ್ನೂ ಕಟ್ಟಿಕೊಂಡು ಹುಣಸೂರಿನ ನಮ್ಮ ಮನೆಗೆ ಬಂದರು. ಮಾವ ಅಲ್ಲಿ ಹಾರ್ಬರಿನಲ್ಲಿ ಗುಮಾಸ್ತರು. ಅವರಿಗೆ ರಜೆ ಸಿಗಲಿಲ್ಲ. ಶ್ರಾವಣ ಬಂತು. ಜಪಾನಿನವರು ಬರಲಿಲ್ಲ, ಅತ್ತೆ ಹೋಗಲಿಲ್ಲ.

ಸುನಂದಮ್ಮತ್ತೆ ಅಪ್ಪನ ಒಬ್ಬಳೇ ತಂಗಿ. ಅವರು ಬಂದದ್ದಕ್ಕೆ ನನಗೆ ಬೇಸರವೇನೂ ಇರಲಿಲ್ಲ. ಆದರೆ ನಾನು ಮಲಗುತ್ತಿದ್ದ, ಓದುತ್ತಿದ್ದ, ಏನೂ ಮಾಡದೆ ಸುಮ್ಮನೆ ಕೂರುತ್ತಿದ್ದ ಒಳಕೋಣೆ ಅವರ ಪಾಲಾಯಿತು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಮುಗಿಸಿಕೊಂಡು ಬಂದು ನನಗಾಗ ಒಂದು ವರ್ಷವಾಗಿತ್ತು. ನನ್ನ ಪುಸ್ತಕಗಳು ಅಕ್ಕಿ ಪೆಟ್ಟಿಗೆಯ ಮೇಲೆ ಹೋದವು, ನಾನು ನಡುಮನೆಯಲ್ಲಿ ಅಜ್ಜಿಯ ಪಕ್ಕಕ್ಕೆ ಹೋದೆ. ಬರೆಯಲು ಕೂತರೆ ಮೂರು ತಲೆಗಳು ಹೆಗಲ ಮೇಲಿಂದ ಇಣುಕಿ, ಬರೆದದ್ದನ್ನು ಅಕ್ಷರ ಕೂಡಿಸಿಕೊಂಡು ಬೀದಿಗೆ ಕೇಳುವ ಹಾಗೆ ಓದುತ್ತಿದ್ದವು. ಹೇಳಿಕೊಳ್ಳೋಣವೆಂದರೆ ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಹಂಪಾಪುರಕ್ಕೆ ಹೋಗಿದ್ದಳು. ನನಗೆ ಬೇಕಾದದ್ದು ಇಷ್ಟೇ: ಒಂದು ಬಾಗಿಲು, ಅದರ ಒಳಮೈಗೆ ಒಂದು ಚಿಲಕ.

ಮನೆಯಲ್ಲಿ ಖಾಲಿ ಇದ್ದದ್ದು ನೆಲಮಾಳಿಗೆ ಒಂದೇ. ಯುದ್ಧಕ್ಕೆ ಮುಂಚೆ, ಸಿಮೆಂಟು ಕೇಳಿದಷ್ಟು ಸಿಗುತ್ತಿದ್ದ ಕಾಲದಲ್ಲಿ, ಅಪ್ಪ ಮೈಸೂರಿನ ಯಾರೋ ದೊಡ್ಡವರ ಮನೆಯಲ್ಲಿ ನೋಡಿ ಬಂದು ಆಸೆಪಟ್ಟು ಕಟ್ಟಿಸಿದ್ದು. ಒಬ್ಬ ಓವರ್‌ಸಿಯರನ್ನು ಕರೆಸಿ ನಾಲ್ಕೂ ಕಡೆ ಕಾಂಕ್ರೀಟು ಹಾಕಿಸಿದರು. ಬಿತ್ತನೆ ಆಲೂಗೆಡ್ಡೆ ಇಡುವುದಕ್ಕೆ ಎಂದು ಎಲ್ಲರಿಗೂ ಹೇಳಿದ್ದರು. ಮೊದಲ ಮಳೆಗಾಲದಲ್ಲೇ ಗೋಡೆಗಳು ಬೆವರಿದವು. ಗೆಡ್ಡೆ ಕೊಳೆತ ವಾಸನೆ ದೇವರಮನೆಯವರೆಗೂ ಬಂತು. ಆಮೇಲೆ ಅಲ್ಲಿ ಕಪ್ಪೆಗಳು ಸಂಸಾರ ಹೂಡಿದವು. ಯಾರಾದರೂ ‘ನಂಜುಂಡಸ್ವಾಮಿಯವರ ನೆಲಮಾಳಿಗೆ’ ಎಂದು ಬಾಯಿ ತೆರೆದರೆ ಸಾಕು, ಅಪ್ಪ ಭೇರ್ಯದ ಕಡೆ ಮಳೆ ಹೇಗೆ ಎಂದು ಕೇಳುತ್ತಿದ್ದರು.

ಹಾಗಾಗಿ ಒಂದು ದಿನ ಊಟ ಬಡಿಸುವಾಗ, ಸಾರಿನ ಪಾತ್ರೆಯನ್ನು ನೋಡಿಕೊಂಡೇ, ನೆಲಮಾಳಿಗೆ ನನಗೆ ಕೊಡ್ತೀರಾ ಎಂದು ನಾನು ಕೇಳಿದಾಗ ಅಪ್ಪನಿಗೆ ಆದ ಸಂತೋಷ ಹೇಳತೀರದು. ಆ ನೆಲಮಾಳಿಗೆಯನ್ನು ಬೇಕು ಅಂದ ಮೊದಲ ಮನುಷ್ಯಪ್ರಾಣಿ ನಾನು. ಕೈ ತೊಳೆಯುವ ಮೊದಲೇ ಬಡಗಿ ಗಯಾಸುದ್ದೀನ್ ಸಾಬರಿಗೆ ಹೇಳಿಕಳಿಸಿದರು.

ಗಯಾಸುದ್ದೀನ್ ಸಾಬರು ನಮ್ಮ ಮನೆಯ ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲ ಮಾಡಿದವರು. ಅದನ್ನು ಅವರು ಎಲ್ಲಿಯೂ ಹೇಳುತ್ತಿರಲಿಲ್ಲ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆದಾಗ ದೊರೆಗಳ ಡೇರೆಗೆ ಹಲಗೆಯ ಬಚ್ಚಲುಮನೆ ಕಟ್ಟಿದ್ದನ್ನು ಮಾತ್ರ ಹೇಳುತ್ತಿದ್ದರು. ಯಾವ ಕೆಲಸಕ್ಕೆ ಕರೆದರೂ ಮೊದಲು ಆ ಬಚ್ಚಲುಮನೆಯ ಕಥೆ ಮುಗಿಯಬೇಕು. ಅದು ಮುಗಿದ ಮೇಲೆ ಮೆಟ್ಟಿಲಿಳಿದು, ಗೋಡೆಗೆ ಅಂಗೈ ಒತ್ತಿ, ಒದ್ದೆಯಾದ ಕೈಯನ್ನು ಅಪ್ಪನಿಗೆ ತೋರಿಸಿದರು.

"ಗೋಡೆ ಬೆವರಿದ್ರೆ ಬೆವರ್ಲಿ ಬುಡಿ ಯಜಮಾನ್ರೆ. ಅದ್ರ ಮುಂದೆ ನಾವು ಇನ್ನೊಂದು ಗೋಡೆ ನಿಲ್ಸಾಣ, ಮರದ್ದು. ಎಲ್ಡ್ರ ಮಧ್ಯೆ ನಾಕು ಬೆಳ್ಳು ಸಂದು ಬುಟ್ರೆ ಬೆವರು ಅಂಗೇ ಹಿಂದಿಂದ್ಲೇ ಇಳ್ದು ಓಯ್ತದೆ. ಮುಂದಿರೋರ್ಗೆ ಗೊತ್ತೇ ಆಗಕಿಲ್ಲ."

ತೇಗವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಮತ್ತಿ ಮರ ಸಿಕ್ಕಿತು. ಸಾಬರ ಯೋಜನೆ ಸರಳವಾಗಿತ್ತು: ಕೆಳಗೊಂದು ಅಡ್ಡಪಟ್ಟಿ, ಮೇಲೊಂದು ಅಡ್ಡಪಟ್ಟಿ, ನಡುವೆ ಮೊಳಕ್ಕೊಂದರಂತೆ ನಿಲುವುಗಳು. ಈ ಚೌಕಟ್ಟನ್ನು ಗೋಡೆಯ ಮುಂದೆ ನಿಲ್ಲಿಸಿ ಹಲಗೆ ಹೊಡೆದರೆ ಕೋಣೆಯಾಯಿತು. ಕೆಳಗಿನ ಪಟ್ಟಿಗೆ ಡಾಂಬರು ಬಳಿದರು. ನಾನು ಚಿಮಣಿ ದೀಪ ಹಿಡಿದು ಮೆಟ್ಟಿಲ ಮೇಲೆ ನಿಂತು, ನನ್ನ ಚಾಪೆ ಎಲ್ಲಿ, ಪುಸ್ತಕ ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಮೊದಲ ಚೌಕಟ್ಟನ್ನು ಸಾಬರು ನೆಲದ ಮೇಲೆಯೇ ಮಲಗಿಸಿ ಕಟ್ಟಿದರು. ಅಗಲ ಹೆಚ್ಚುಕಡಿಮೆ ಕೋಣೆಯಷ್ಟೇ, ಪಕ್ಕದಲ್ಲಿ ನುಸುಳಲು ಜಾಗವಿಲ್ಲ; ನೆಲದಿಂದ ಚಾವಣಿಗೆ ಎಷ್ಟು ಎತ್ತರವೋ ಸರಿಯಾಗಿ ಅಷ್ಟೇ ಎತ್ತರ, ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ. ಅದೇ ತೊಂದರೆಯಾಯಿತು. ಮಲಗಿದ ಚೌಕಟ್ಟು ಏಳುವಾಗ ನೇರವಾಗಿ ಏಳುವುದಿಲ್ಲ, ಓರೆಯಾಗಿ ಏಳುತ್ತದೆ. ಓರೆಯಾದಾಗ ಅದರ ಮೂಲೆಗೆ ಚಾವಣಿಗಿಂತ ಹೆಚ್ಚು ಎತ್ತರ ಬೇಕು. ಆ ಹೊತ್ತಿನಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಉತ್ಸಾಹದಲ್ಲಿ ಪಂಚೆ ಎತ್ತಿ ಕಟ್ಟಿ ಗೋಡೆಯ ಕಡೆ ನಿಂತು ಎಳೆದರು, ಸಾಬರು ಈಚೆಯಿಂದ ತಳ್ಳಿದರು. ಚೌಕಟ್ಟು ಮುಕ್ಕಾಲು ಎದ್ದು, ಚಾವಣಿಗೆ ಕಚ್ಚಿಕೊಂಡು, ನಿಂತಿತು. ಸಾಬರು ಇನ್ನೊಮ್ಮೆ ಬಲವಾಗಿ ತಳ್ಳಿದರು. ಅದು ಇನ್ನಷ್ಟು ಕಚ್ಚಿಕೊಂಡಿತು. ಈಗ ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಅಪ್ಪ ಅದರ ಹಿಂದೆ.

ನಿಲುವುಗಳ ನಡುವೆ ನಾನಾಗಿದ್ದರೆ ನುಸುಳಿ ಬರುತ್ತಿದ್ದೆ. ಅಪ್ಪ ಒಂದು ಭುಜ ತೂರಿಸಿದರು, ತಲೆ ತೂರಿಸಿದರು. ಆಮೇಲೆ ಹೊಟ್ಟೆಯನ್ನು ನೋಡಿಕೊಂಡು ಎರಡನ್ನೂ ಒಳಕ್ಕೆ ಎಳೆದುಕೊಂಡರು.

ಕೆಳಗಿನ ಪಟ್ಟಿಯನ್ನು ಒಂದಿಷ್ಟು ಕೊಯ್ದರೆ ಬಿಡಿಸಬಹುದು, ಆಮೇಲೆ ಸಂದಿಗೆ ಬೆಣೆ ಹೊಡೆದರಾಯಿತು ಎಂದು ಸಾಬರು ಸಮಾಧಾನ ಹೇಳಿದರು. ಆದರೆ ಅಂದು ಶುಕ್ರವಾರ, ಮಧ್ಯಾಹ್ನದ ನಮಾಜಿನ ಹೊತ್ತು ಆಗಿಹೋಗಿತ್ತು.

"ಹೋಗ್ಬುಟ್ಟು ಬಂದು ಕೊಯ್ತೀನಿ ಯಜಮಾನ್ರೆ. ನೀವು ಇಲ್ಲೇ ಇರಿ," ಅಂದರು.

ಎಲ್ಲಿಗೆ ಹೋಗಲಿ ಎಂದು ಅಪ್ಪ ಕೇಳುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿಯಾಗಿತ್ತು.

ಸುದ್ದಿ ಮೇಲಕ್ಕೆ ಹೋಗಿ ಎಲ್ಲರೂ ಕೆಳಗೆ ಬಂದರು. ಅಪ್ಪನ ತಾಯಿ ಪುಟ್ಟತಾಯಮ್ಮಜ್ಜಿ ಈ ನೆಲಮಾಳಿಗೆಗೆ ಕಾಲಿಟ್ಟದ್ದೇ ಅದು ಮೊದಲ ಸಲ. ಮಗನಿಗೆ ನಿಲುವುಗಳ ನಡುವಿನಿಂದ ಕಾಫಿ ಲೋಟ ಕೊಟ್ಟಳು. ಸುನಂದಮ್ಮತ್ತೆ ಮೂಗಿಗೆ ಸೆರಗು ಹಿಡಿದು ಸುತ್ತ ನೋಡಿದರು. ಮಕ್ಕಳು ಅಪ್ಪನಿಗೆ ಕಡಲೆಬೀಜ ತಿನ್ನಿಸಲು ಶುರುಮಾಡಿದವು, ಅಪ್ಪ ಬೇಡವೆನ್ನಲಿಲ್ಲ.

ಅಜ್ಜಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಕೋಣೆಯನ್ನು ಕಣ್ಣಲ್ಲೇ ಅಳೆದು, ಇದರ ಆಯ ಯಾವುದು ಎಂದು ಕೇಳಿದಳು. ಅಪ್ಪ ಕಾಫಿ ಕುಡಿಯುತ್ತ, ಓವರ್‌ಸಿಯರು ಅಡಿ ಟೇಪು ಹಿಡಿದು ಕಟ್ಟಿಸಿದ್ದು, ಆಯ ಗೀಯ ಕೇಳಿಲ್ಲ ಎಂದರು. ನಮ್ಮ ಕಡೆ ಹಟ್ಟಿ ಕಟ್ಟಿದರೂ ಆಯ ನೋಡದೆ ಕಟ್ಟುವವರಿಲ್ಲ. ಯಜಮಾನನ ಮೊಳದಲ್ಲಿ ಅಳೆದು, ಲೆಕ್ಕ ಹಾಕಿ, ಎಂಟೆಂಟು ಕಳೆಯುತ್ತ ಹೋಗಬೇಕು. ಕೊನೆಗೆ ಎಷ್ಟು ಉಳಿಯಿತೋ ಅದು ಆಯ, ಒಂದೊಂದು ಉಳಿಕೆಗೂ ಒಂದೊಂದು ಹೆಸರು. ಬಾವುಟ, ಸಿಂಹ, ಎತ್ತು, ಆನೆ ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ ಕೆಟ್ಟವು. ಅಜ್ಜಿ ಹುಣಸೆಬೀಜ ತರಿಸಿಕೊಂಡಳು. ಅಪ್ಪ ಪಂಜರದಿಂದ ಕೈ ಚಾಚಿದರು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದು, ಆ ದಾರದಲ್ಲಿ, ನಾಲ್ಕು ಮರದ ಗೋಡೆಗಳೂ ಬಂದ ಮೇಲೆ ಕೋಣೆ ಎಷ್ಟಿರುತ್ತದೋ ಅಷ್ಟನ್ನು ಅಳೆದಳು. ಬೀಜ ಎಣಿಸಿದಳು.

"ಆರು ಉಳೀತು ಕಣೋ ನಂಜುಂಡ. ಕತ್ತೆ."

ಅಪ್ಪ, ಹಾಗಾದರೆ ಗೆಡ್ಡೆ ಕೊಳೆತದ್ದು ಅದಕ್ಕೇ ಇರಬೇಕು ಎಂದರು. ಅಜ್ಜಿ, ಮತ್ತಿನ್ನೇನು ಎಂದಳು. ಇಷ್ಟು ವರ್ಷ ಎದೆಯ ಮೇಲಿದ್ದ ಭಾರ ಇಳಿದವರ ಹಾಗೆ ಅಪ್ಪ ಗೋಡೆಗೆ ಒರಗಿಕೊಂಡರು. ತಪ್ಪು ಅವರದಲ್ಲ, ಓವರ್‌ಸಿಯರನ ಟೇಪಿನದು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾದದ್ದನ್ನು ಅವರು ಗಮನಿಸಲೇ ಇಲ್ಲ.

ಆದರೆ ನನ್ನ ವಿಷಯ ಕೆಟ್ಟಿತು.

"ಆಲೂಗೆಡ್ಡೆ ಬೇಕಾರೆ ಕತ್ತೆ ಆಯದಾಗೆ ಮಲಗ್ಲಿ. ಮದ್ವೆ ಆಗ್ಬೇಕಾದ ಎಣ್ಮಗ ಮಲಗ್ತದಾ? ಗಯಾಸು ಬರ್ಲಿ, ಗೋಡೆ ಸರ್ಸೋಕೆ ಯೋಳಾಣ," ಅಂದಳು ಅಜ್ಜಿ.

ಗಯಾಸುದ್ದೀನ್ ಸಾಬರು ಟೋಪಿ ಸರಿಮಾಡಿಕೊಳ್ಳುತ್ತ ಬಂದು ಇದನ್ನು ಕೇಳಿದರು. ಉಳಿದ ಚೌಕಟ್ಟುಗಳ ಮರವೆಲ್ಲ ಅಳತೆಗೆ ಕೊಯ್ದು ಹಿತ್ತಲಲ್ಲಿ ಜೋಡಿಸಿಟ್ಟಿದ್ದರು. ಗೋಡೆ ಸರಿಸುವುದೆಂದರೆ ಪಕ್ಕದವನ್ನೆಲ್ಲ ಮತ್ತೆ ಕೊಯ್ಯಬೇಕು. ಹಿಂದೂಗಳ ಮನೆ ಕಟ್ಟಿ ಕಟ್ಟಿ ಅವರಿಗೆ ಆಯದ ಲೆಕ್ಕ ಅಜ್ಜಿಗಿಂತ ಚೆನ್ನಾಗಿ ಬರುತ್ತಿತ್ತು. ಅದರಿಂದ ತಪ್ಪಿಸಿಕೊಳ್ಳುವ ದಾರಿ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು.

"ಗೋಡೆ ಸರ್ಸೋದ್ಕಿಂತ ಕೈ ಬದ್ಲಾಯ್ಸೋದು ಸಲೀಸು ಅಮ್ಮಾವ್ರೆ," ಅಂದರು. "ಇಲ್ಲಿ ಮಲಗೋರು ಯಜಮಾನ್ರಾ? ಅಮ್ಮಣ್ಣಿ ತಾನೆ. ಅವರ ಕೈಯಾಗೆ ಅಳೀರಿ."

ಅಜ್ಜಿ ಯೋಚಿಸಿದಳು. ಇರೋರ ಕೈಯಲ್ಲಿ ಅಳೆಯುವುದು ನ್ಯಾಯವೇ ಎಂದಳು. ನಾನು ಅಷ್ಟು ಜನರ ಮುಂದೆ ತೋಳು ಚಾಚಿದೆ. ಅಜ್ಜಿ ದಾರ ಹಿಡಿದಳು. ಬೀಜ ಎಣಿಸಿದಾಗ ಒಂದೂ ಉಳಿಯಲಿಲ್ಲ. ಒಂದೂ ಉಳಿಯದಿದ್ದರೆ ಕಾಗೆ.

"ಇವಳು ದಿನಕ್ಕೆ ನಾಲ್ಕು ಮಾತಾಡಲ್ಲ, ಇವಳಿಗೆ ಕಾಗೆಯಂತೆ," ಎಂದು ಅತ್ತೆ ನಕ್ಕರು.

ಸಾಬರು ಧೈರ್ಯಗೆಡಲಿಲ್ಲ. ಕೋಣೆಯಲ್ಲಿ ಇನ್ನೂ ಎಷ್ಟೋ ಕೈಗಳಿದ್ದವು. ಅಜ್ಜಿ ತನ್ನ ಕೈಯಲ್ಲಿ ತಾನೇ ಅಳೆದುಕೊಂಡು, ಬೀಜ ಎಣಿಸಿ, ಯಾರಿಗೂ ಹೇಳದೆ ಕಲಸಿಬಿಟ್ಟಳು. ಆದರೆ ನಾಲ್ಕು ಉಳಿದದ್ದನ್ನು ಮಕ್ಕಳು ನೋಡಿದ್ದವು. ಸಂಜೆಯವರೆಗೂ ಅಜ್ಜಿಯ ಹಿಂದೆ ಬೊಗಳಿಕೊಂಡು ತಿರುಗಿದವು. ಅಜ್ಜಿ ಬೀಜ ಕಲಸಿದ್ದೇ ಅತ್ತೆ, ನೋಡಿಯೇಬಿಡೋಣ ಎಂದು ಬಳೆಗಳನ್ನು ಹಿಂದಕ್ಕೆ ಸರಿಸಿ ಕೈ ಕೊಟ್ಟರು.

ಐದು ಉಳಿಯಿತು. ಎತ್ತು.

"ಸುನಂದನ ಕೈಗೆ ಒಪ್ತು ಕಣ," ಅಂದಳು ಅಜ್ಜಿ. "ಯಾರ ಕೈಗೆ ಒಪ್ತೋ ಅವರೇ ಇರ್ಬೇಕು ಇಲ್ಲಿ."

ಒಂದು ಮಾತಿನಲ್ಲಿ ಕೋಣೆ ನನ್ನ ಕೈ ತಪ್ಪಿ ಅತ್ತೆಯ ಕೈ ಸೇರಿತು. ಮಗು ಕೇಳಿತ್ತಲ್ಲ ಅವ್ವ ಎಂದು ಅಪ್ಪ ಒಳಗಿನಿಂದ ಅಂದರು. ಆದರೆ ಪಂಜರದಲ್ಲಿರುವ ಯಜಮಾನನ ಮಾತಿಗೆ ಬೆಲೆ ಕಡಿಮೆ. ಅತ್ತೆಗೆ ಕೋಣೆ ಬೇಕೆಂಬ ಆಸೆ ಆ ಕ್ಷಣದವರೆಗೆ ಇರಲಿಲ್ಲ. ಬಂದ ಮೇಲೆ ಅದಕ್ಕೆ ಕಾರಣಗಳು ತಾವಾಗಿಯೇ ಹೊಳೆದವು. ಬಾಂಬು ಬಿದ್ದರೆ ನೆಲದ ಕೆಳಗೇ ಕ್ಷೇಮವಂತೆ. ಮಕ್ಕಳ ಗಲಾಟೆಗೆ ಅವರಿಗೆ ತಲೆನೋವಂತೆ. ಮಕ್ಕಳು ಒಳಕೋಣೆಯಲ್ಲೇ ಇರಲಿ, ಇವಳು ನೋಡಿಕೊಳ್ಳುತ್ತಾಳೆ ಎಂದು ನನ್ನ ಕಡೆ ಕೈ ತೋರಿಸಿದರು. ಹಾಗಾದರೆ ಬಾಂಬು ಬಿದ್ದಾಗ ಮಕ್ಕಳು ಮೇಲಿರುತ್ತವಾ ಎಂದು ಅಜ್ಜಿ ಕೇಳಿದ್ದಕ್ಕೆ, ಬೀಳುವ ಮುಂಚೆ ಕರೆಯುತ್ತೇನೆ ಎಂದರು.

ನಾನು ಹೂಂ ಅಂದೆ. ಅಪ್ಪನ ಕಾಫಿ ಲೋಟ ಈಸಿಕೊಂಡು ಮೇಲಕ್ಕೆ ಹೋದೆ.

ಗಯಾಸುದ್ದೀನ್ ಸಾಬರು ಗೆದ್ದ ಸಂತೋಷದಲ್ಲಿ ಗರಗಸ ಕೈಗೆತ್ತಿಕೊಂಡು ಅಪ್ಪನನ್ನು ಬಿಡಿಸಿದರು. ಅವರ ಸಂತೋಷ ಮರುದಿನ ಬೆಳಗಿನವರೆಗೆ ಇತ್ತು. ರಾತ್ರಿಯೆಲ್ಲ ಯೋಚನೆ ಮಾಡಿದ ಅತ್ತೆ, ಎತ್ತಿನ ಆಯ ತಮಗೆ ಬೇಡ ಎಂದು ಬೆಳಗ್ಗೆ ಹೇಳಿದರು. ಮದುವೆಯಾದಾಗಿನಿಂದ ಎತ್ತಿನ ಹಾಗೆ ದುಡಿದದ್ದು ಸಾಕಾಗಿದೆಯಂತೆ. ಸಿಂಹ ಮಾಡಿಕೊಡಲಾ ಎಂದು ಸಾಬರು ಕೇಳಿದರು. ಮನೆಯವರಿಗೆ ಮೊದಲೇ ಕೋಪ ಜಾಸ್ತಿ, ಅದೂ ಬೇಡ. ಬಾವುಟ? ಆಗ ಮೈಸೂರಿನಲ್ಲಿ ಬಾವುಟ ಹಿಡಿದ ಹುಡುಗರನ್ನೆಲ್ಲ ಪೊಲೀಸರು ಎತ್ತಿಹಾಕಿಕೊಂಡು ಹೋಗುತ್ತಿದ್ದರು; ಸರ್ಕಾರಿ ಕೆಲಸದವರ ಹೆಂಡತಿ ಬಾವುಟದ ಆಯದಲ್ಲಿ ಮಲಗುವುದು ಹೇಗೆ?

"ಆನೆ ಮಾಡ್ಕೊಡಿ ಸಾಬರೆ," ಅಂದರು ಅತ್ತೆ. "ನೀವು ಖೆಡ್ಡಾದಲ್ಲಿ ಕೆಲಸ ಮಾಡಿದೋರಲ್ಲವೆ."

ಸಾಬರು ಅದಕ್ಕೆ ಎದುರು ಹೇಳಲಾರದೆ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರು, ಅಜ್ಜಿ ಬೀಜದಲ್ಲಿ ಹಾಕಿದಳು. ಇಬ್ಬರಿಗೂ ಒಂದೇ ಉತ್ತರ ಬಂತು: ಚಾವಣಿಯಂಚಿಗೆ ಇದ್ದ ಒಂದೇ ಬೆಳಕಿಂಡಿಯ ಕಡೆಯ ಗೋಡೆಯನ್ನು ಒಂದು ಮೊಳ ಒಂದು ಗೇಣು ಒಳಕ್ಕೆ ತಂದರೆ ಅತ್ತೆಯ ಕೈಗೆ ಗಜಾಯ. ಆನೆ ಬರಬೇಕಾದರೆ ಕೋಣೆ ಚಿಕ್ಕದಾಗಬೇಕು ಎಂಬುದು ಅಪ್ಪನಿಗೆ ಅರ್ಥವಾಗಲಿಲ್ಲ. ಆದರೆ ಅವರು ಹಿಂದಿನ ದಿನದ ಅನುಭವದಿಂದ ಮೆಟ್ಟಿಲ ಮೇಲೆಯೇ ಕೂತಿದ್ದರು.

ಮರುವಾರ ನಾಲ್ಕನೆಯ ಚೌಕಟ್ಟು ಎದ್ದು ನಿಂತಿತು. ಈ ಸಲ ಸಾಬರು ಒಂದಿಷ್ಟು ಗಿಡ್ಡವಾಗಿಯೇ ಮಾಡಿ, ನಿಲ್ಲಿಸಿದ ಮೇಲೆ ತಲೆಯ ಸಂದಿಗೆ ಬೆಣೆ ಹೊಡೆದರು. ಖೆಡ್ಡಾದಲ್ಲೂ ಹೀಗೇ ಮಾಡಿದ್ದು ಎಂದರು. ಅವರಿಗೆ ಚಹಾ ಕೊಡಲು ನಾನು ಕೆಳಗಿಳಿದೆ. ಉಳಿದ ಮೂರು ಕಡೆ ಮರಕ್ಕೂ ಕಾಂಕ್ರೀಟಿಗೂ ನಾಲ್ಕು ಬೆರಳ ಸಂದು. ಈ ಕಡೆ ಮಾತ್ರ ಗೋಡೆಯ ಉದ್ದಕ್ಕೂ, ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗ ಉಳಿದಿತ್ತು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಇಳಿದು ಅದರೊಳಗೆ ಬಿದ್ದಿತ್ತು. ಆ ಸಂದಿನ ಒಂದು ತುದಿ ಮೆಟ್ಟಿಲ ಬುಡಕ್ಕೇ ಬಂದು ನಿಂತಿತ್ತು. ಆ ತುದಿಯನ್ನು ಮುಚ್ಚಲು ಸಾಬರು ಹಲಗೆ ಎತ್ತಿಕೊಂಡಿದ್ದರು.

ಆ ಹಲಗೆಯನ್ನು ನೋಡಿ ನನಗೆ ಎಲ್ಲಿಂದ ಮಾತು ಬಂತೋ.

"ಹಿಂದುಗಡೆ ಗೆದ್ದಲು ಹಿಡಿದರೆ ಹೇಗೆ ಗೊತ್ತಾಗುತ್ತೆ ಸಾಬರೆ?" ಎಂದು ಕೇಳಿದೆ.

ಸಾಬರು ಹಲಗೆ ಕೆಳಗಿಟ್ಟರು. ಡಾಂಬರು ಬಳಿದಿದ್ದೇನೆ, ಆದರೂ ಹುಣಸೂರಿನ ಗೆದ್ದಲನ್ನು ನಂಬುವ ಹಾಗಿಲ್ಲ, ನೋಡಿಕೊಳ್ಳುತ್ತಿರುವುದು ಒಳ್ಳೆಯದೇ ಎಂದರು. ಇಲ್ಲೊಂದು ಪುಟ್ಟ ಬಾಗಿಲು ಬಿಡುತ್ತೇನೆ, ತಿಂಗಳಿಗೊಮ್ಮೆ ಯಾರಾದರೂ ಒಳಹೊಕ್ಕು ನೋಡಿದರೆ ಸಾಕು ಎಂದು ಅಲ್ಲೇ ಗುರುತು ಹಾಕಿದರು.

"ಅದಕ್ಕೊಂದು ಚಿಲಕ," ಅಂದೆ. "ಒಳಗಡೆಯಿಂದ."

"ಗೆದ್ದಲು ನೋಡಾಕೆ ಒಳಗ್ನಿಂದ ಚಿಲ್ಕ ಯಾಕಮ್ಮಣ್ಣಿ?"

ನಾನು ಚಹಾದ ಲೋಟ ಅವರ ಕೈಗೆ ಕೊಟ್ಟೆ. ಸಾಬರು ಸಂದಿನೊಳಗೆ ತಲೆ ಹಾಕಿ ಬೆಳಕಿಂಡಿ ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಚಹಾ ಮುಗಿಸಿ ಲೋಟ ಕೊಟ್ಟರು.

"ನಮ್ಮ ಮಗ್ಳು ಖುರ್ಷೀದಾನೂ ಇಂಗೇಯ," ಅಂದರು. "ಸೌದೆ ಕೊಟ್ಗೆ ಒಳಗೆ ಓಗಿ ಕುಂತ್ಬುಡ್ತಾಳೆ. ಚಿಲ್ಕ ದೊಡ್ಡದೇ ಹಾಕ್ತೀನಿ ಬುಡಿ."

ಬಾಗಿಲು ಬಂದ ದಿನ ಅಜ್ಜಿ ಅದನ್ನು ತೆರೆದು ಇಣುಕಿದಳು. ಅಳೆಯುತ್ತಾಳೇನೋ ಎಂದು ನನ್ನ ಜೀವ ಹಿಡಿ ಆಯಿತು. ಗಯಾಸುದ್ದೀನ್ ಸಾಬರು ಪಕ್ಕದಲ್ಲೇ ನಿಂತು, ಇದು ಕೋಣೆಯಲ್ಲ ಅಮ್ಮಾವ್ರೆ, ಸಂದು, ಸಂದಿಗೆ ಆಯ ನೋಡೋ ಪದ್ಧತಿ ಎಲ್ಲೂ ಇಲ್ಲ ಎಂದರು. ಅಜ್ಜಿ ಹೌದೆಂದು ತಲೆಯಾಡಿಸಿ, ಹಾಗಾದರೆ ಗೆದ್ದಲು ನೋಡುವವರು ಯಾರು ಎಂದು ಕೇಳಿದಳು. ಮನೆಯಲ್ಲಿ ಬಿ.ಎ. ಆದವರು ಒಬ್ಬರೇ ಎಂದು ಅಪ್ಪ ಮೆಟ್ಟಿಲ ಮೇಲಿನಿಂದ ಹೇಳಿದರು. ಅವರು ಅದನ್ನು ತಿಳಿದು ಹೇಳಿದರೋ ಸುಮ್ಮನೆ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅತ್ತೆ ಒಳ್ಳೆಯ ದಿನ ನೋಡಿ ಗಜಾಯದ ಕೋಣೆಗೆ ಇಳಿದರು. ಬೆಳಕು ಬರಲೆಂದು ಮೇಲಿನ ಒಂದು ಹಲಗೆ ಬಿಟ್ಟಿದ್ದರಿಂದ ಅಲ್ಲಿಯ ಸದ್ದೆಲ್ಲ ನನಗೆ ಕೇಳುತ್ತಿತ್ತು. ಕೋಣೆ ತಂಪಾಗಿತ್ತು, ಬೆವರಿನ ವಾಸನೆಯೂ ಇರಲಿಲ್ಲ, ಹೊಸ ಮತ್ತಿ ಹಲಗೆಯ ಪರಿಮಳ. ಅದೇ ಅತ್ತೆಗೆ ಮುಳುವಾಯಿತು. ಮೊದಲ ದಿನ ಕಿರಿಯವನು ಇಳಿದು ಬಂದ. ಎರಡನೆಯ ದಿನ ಮೂವರೂ ಬಂದರು. ಆಮೇಲೆ ಹಾರ್ಮೋನಿಯಂ ಬಂತು. ಅಪ್ಪ ಊಟವಾದ ಮೇಲೆ ಚಾಪೆ ತಂದು ಅಲ್ಲೇ ಉರುಳಿಕೊಂಡು, ಬಂದವರಿಗೆಲ್ಲ ನೆಲಮಾಳಿಗೆ ತೋರಿಸತೊಡಗಿದರು. ಅಜ್ಜಿ ಹುಣಸೆಹಣ್ಣು ಬಿಡಿಸಲು ಅಲ್ಲೇ ಕೂರತೊಡಗಿದಳು, ಅವಳ ಜೊತೆ ಪಕ್ಕದ ಮನೆಯ ಚಿಕ್ಕಬೀರಮ್ಮ. ಅತ್ತೆ ಬಾಗಿಲು ಹಾಕಿಕೊಂಡರೆ ಎಲ್ಲರೂ ಸೇರಿ ತಟ್ಟುತ್ತಿದ್ದರು. ನನ್ನ ಬಾಗಿಲನ್ನು ಒಬ್ಬರೂ ತಟ್ಟಲಿಲ್ಲ. ಗೆದ್ದಲು ನೋಡುವ ಕೆಲಸದಲ್ಲಿ ಯಾರಿಗೂ ಪಾಲು ಬೇಕಿರಲಿಲ್ಲ.

ನಾನು ದಿನಾ ಮಧ್ಯಾಹ್ನ ಗೆದ್ದಲು ನೋಡಲು ಹೋಗುತ್ತಿದ್ದೆ. ತೊಡೆಯ ಮೇಲೆ ಪುಸ್ತಕ, ಬೆನ್ನಿಗೆ ಮತ್ತಿಯ ಹಲಗೆ, ಎದುರಿಗೆ ಬೆವರುವ ಕಾಂಕ್ರೀಟು. ಕಾಲನ್ನು ಸಂದಿನ ಉದ್ದಕ್ಕೆ ಓರೆಯಾಗಿ ಚಾಚಿದರೆ ಸರಿಹೋಗುತ್ತಿತ್ತು.

ಭಾದ್ರಪದದಲ್ಲಿ ಒಂದು ದಿನ ಆಚೆ ಬಹಳ ಗದ್ದಲವಾಗಿ, ಹಾರ್ಮೋನಿಯಮ್ಮಿನ ಮೇಲೆ ಯಾರೋ ಕೂತ ಸದ್ದಾಗಿ, ಆಮೇಲೆ ಹಲಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿದದ್ದು ಕೇಳಿಸಿತು.

"ಏನೇ, ಇದ್ದೀಯಾ ಅಲ್ಲಿ?" ಅತ್ತೆಯ ದನಿ, ಬಹಳ ಸಣ್ಣದಾಗಿ.

"ಇದ್ದೀನಿ ಅತ್ತೆ."

"ಏನ್ಮಾಡ್ತಿದ್ದೀ?"

"ಗೆದ್ದಲು ನೋಡ್ತಿದ್ದೀನಿ."

ಆಮೇಲೆ, ಹಲಗೆಗೆ ಬಾಯಿ ತಾಗಿಸಿಯೇ ಕೇಳಿದರೇನೋ, ದನಿ ನನ್ನ ಕಿವಿಯ ಪಕ್ಕದಲ್ಲೇ ಬಂತು.

"ಅಲ್ಲಿ ಇಬ್ಬರಿಗೆ ಜಾಗ ಆಗುತ್ತೇನೇ?"

ನಾನು ಪಕ್ಕದ ಜಾಗ ನೋಡಿದೆ. ಬಿಸಿಲು ಬಿದ್ದಿತ್ತು. ಅತ್ತೆಯಂಥವರು ಇಬ್ಬರು ಕೂರಬಹುದಿತ್ತು. ಹುಟ್ಟಿದಾಗಿನಿಂದ ಹಿರಿಯರು ಕೇಳಿದ್ದಕ್ಕೆ ನಾನು ಹೂಂ ಅನ್ನದೆ ಇದ್ದದ್ದಿಲ್ಲ. ಬಾಯಿ ತೆರೆದೆ, ಹೂಂ ಬರಲಿಲ್ಲ.

"ಇಲ್ಲ ಅತ್ತೆ," ಅಂದೆ. "ಗೆದ್ದಲು ಬಹಳ ಇದೆ."